ಎಡಬದಿಗೆ ಬಂದ ಬಲಗಾಲಿನ ಹುಡುಗ: ಡಿಫೆಂಡರ್ ವೃತ್ತಿ ಎಷ್ಟು ದೂರ ಸಾಗುತ್ತದೆ?

ಪ್ರಶ್ನೆ: ನನ್ನ ಮಗನಿಗೆ 15 ವರ್ಷ. ಬೆಂಗಳೂರಿನ ಒಂದು ಫುಟ್‌ಬಾಲ್ ಅಕಾಡೆಮಿಯಲ್ಲಿ ನಾಲ್ಕು ವರ್ಷಗಳಿಂದ ಫಾರ್ವರ್ಡ್ ಆಗಿ ಆಡುತ್ತಿದ್ದ. ಎರಡು ತಿಂಗಳ ಹಿಂದೆ ಕೋಚ್ ಅವನನ್ನು ಲೆಫ್ಟ್ ಬ್ಯಾಕ್ (ಹಿಂದಿನ ರಕ್ಷಣಾ ಸಾಲಿನ ಎಡಬದಿ) ಸ್ಥಾನಕ್ಕೆ ಹಾಕಿದ್ದಾರೆ. ಅವನದು ಬಲಗಾಲು, ಎತ್ತರವೂ ಹೆಚ್ಚಿಲ್ಲ. ಗೋಲು ಹೊಡೆಯಲು ಬಾರದವರನ್ನು ಹಿಂದೆ ನಿಲ್ಲಿಸುತ್ತಾರೆ ಎಂದು ಬೇಸರಪಟ್ಟುಕೊಂಡು ಅಭ್ಯಾಸಕ್ಕೆ ಹೋಗಲೂ ಒಲ್ಲೆ ಎನ್ನುತ್ತಾನೆ. ಡಿಫೆಂಡರ್ ಆಗಿ ಒಂದು ವೃತ್ತಿಜೀವನ ಕಟ್ಟಿಕೊಳ್ಳಲು ಸಾಧ್ಯವೇ? ಅದು ಎಷ್ಟು ವರ್ಷ ನಡೆಯುತ್ತದೆ? ನಾನು ಕೋಚ್ ಬಳಿ ಮಾತನಾಡಿ ಹಳೆಯ ಸ್ಥಾನವನ್ನೇ ಕೇಳಲೇ? (ಒಬ್ಬ ತಾಯಿ, ಬೆಂಗಳೂರು)

ಉತ್ತರ: ಮೊದಲು ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರಿಸುತ್ತೇನೆ. ಹಳೆಯ ಸ್ಥಾನವನ್ನು ಮರಳಿ ಕೊಡಿ ಎಂದು ಈಗಲೇ ಕೇಳಬೇಡಿ. ಒಂದು ಋತುವಾದರೂ ಅವನು ಅಲ್ಲಿ ಆಡಲಿ. ಇಪ್ಪತ್ತು ವರ್ಷಗಳಿಂದ ಈ ವಯಸ್ಸಿನ ಮಕ್ಕಳಿಗೆ ಆಟ ಕಲಿಸುತ್ತಿರುವ ನನಗೆ, ಮುಂಪಡೆಯಿಂದ ಹಿಂದಕ್ಕೆ ಬಂದ ಹುಡುಗನ ಮುಖ ಹೇಗಿರುತ್ತದೆ ಎಂಬುದು ಚೆನ್ನಾಗಿ ಗೊತ್ತು. ತನ್ನನ್ನು ಕೆಳಗಿಳಿಸಿದರು ಎಂದೇ ಅವನು ಭಾವಿಸುತ್ತಾನೆ. ಕೋಚ್ ಕಾರಣ ಹೇಳದೆ ಸ್ಥಾನ ಬದಲಿಸಿದ್ದರೆ ತಪ್ಪು ಅವರದೇ, ಏಕೆಂದರೆ ಹದಿನೈದರ ಹುಡುಗನಿಗೆ ಕಾರಣ ತಿಳಿಯುವ ಹಕ್ಕಿದೆ. ಆದರೆ ಗೋಲು ಹೊಡೆಯಲು ಬಾರದವರನ್ನು ಹಿಂದೆ ನಿಲ್ಲಿಸುತ್ತಾರೆ ಎಂಬ ಮಾತು ನಿಜವಲ್ಲ. ಎಡಬದಿಗೆ ಬಂದ ಇನ್ನೊಬ್ಬ ಬಲಗಾಲಿನ ಹುಡುಗ ಆ ಸ್ಥಾನದಲ್ಲಿ ನಿಂತು ಏನೇನು ಕಂಡ ಎಂಬುದನ್ನು ಹೇಳಿದರೆ ನಿಮ್ಮ ಉಳಿದ ಪ್ರಶ್ನೆಗಳಿಗೂ ಉತ್ತರ ಅಲ್ಲೇ ಸಿಗುತ್ತದೆ. ಹಾಗಾಗಿ ಇಟಲಿಯ ಪಾವೊಲೊ ಮಾಲ್ಡೀನಿ ಅವರ ವೃತ್ತಿಯನ್ನು ಸ್ವಲ್ಪ ವಿವರವಾಗಿ ನೋಡೋಣ.

ಮಾಲ್ಡೀನಿ ಹುಟ್ಟಿದ್ದು 1968ರ ಜೂನ್ 26ರಂದು, ಮಿಲಾನ್ ನಗರದಲ್ಲಿ. ತಂದೆ ಚೆಸಾರೆ ಮಾಲ್ಡೀನಿ ಅದೇ ಊರಿನ ಎಸಿ ಮಿಲಾನ್ ತಂಡದ ಡಿಫೆಂಡರ್. 1963ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಬೆನ್ಫಿಕಾವನ್ನು 2–1ರಿಂದ ಸೋಲಿಸಿ ತಂಡವು ಯುರೋಪಿಯನ್ ಕಪ್ ಗೆದ್ದಾಗ ನಾಯಕರಾಗಿದ್ದವರು. ಮಗ ಮೊದಲ ಬಾರಿ ಹಿರಿಯರ ತಂಡದಲ್ಲಿ ಆಡಿದ್ದು 1985ರ ಜನವರಿ 20ರಂದು, ಉದಿನೇಸೆ ವಿರುದ್ಧ, 16ನೆಯ ವಯಸ್ಸಿನಲ್ಲಿ. ಕೋಚ್ ನಿಲ್ಸ್ ಲೀಡ್‌ಹೋಮ್ ಅವನನ್ನು ದ್ವಿತೀಯಾರ್ಧಕ್ಕೆ ಬದಲಿ ಆಟಗಾರನಾಗಿ ಇಳಿಸಿದರು. ಆರಂಭದಲ್ಲಿ ಅವನು ಆಡಿದ್ದು ಬಲಬದಿಯಲ್ಲಿ, ಏಕೆಂದರೆ ಅವನದು ಬಲಗಾಲು. ಆದರೆ ಆ ಜಾಗದಲ್ಲಿ ಮೌರೊ ತಸ್ಸೋತ್ತಿ ಎಂಬ ಅನುಭವಿ ಆಟಗಾರ ಗಟ್ಟಿಯಾಗಿ ಬೇರೂರಿದ್ದರು. ಹೀಗಾಗಿ ಹುಡುಗ ಎಡಕ್ಕೆ ಹೋದ. ನೋಡುವವರಿಗೆ ಯಾವ ಕಾಲು ಹುಟ್ಟಿನಿಂದ ಬಂದದ್ದು, ಯಾವುದು ಅಭ್ಯಾಸದಿಂದ ಬಂದದ್ದು ಎಂಬ ವ್ಯತ್ಯಾಸವೇ ತಿಳಿಯದಷ್ಟು ಎಡಗಾಲನ್ನು ಪಳಗಿಸಿಕೊಂಡ.

ಬಲಗಾಲಿನವನು ಎಡಬದಿಯಲ್ಲಿ ಆಡುವುದರಿಂದ ಆಗುವ ನಷ್ಟ ಎಲ್ಲರಿಗೂ ಕಾಣುತ್ತದೆ. ಗೆರೆಯ ಗುಂಟ ಓಡಿ ಎಡಗಾಲಿನಿಂದ ಕ್ರಾಸ್ ಕೊಡುವುದು, ಅಂದರೆ ಬದಿಯಿಂದ ಗೋಲಿನ ಮುಂದಕ್ಕೆ ಚೆಂಡು ಹಾಕುವುದು, ಅವನಿಗೆ ಕಷ್ಟ. ಚೆಂಡನ್ನು ಬಲಗಾಲಿಗೆ ತಂದುಕೊಳ್ಳುವಷ್ಟರಲ್ಲಿ ಎದುರಾಳಿ ಅಡ್ಡ ಬಂದಿರುತ್ತಾನೆ. ಲಾಭ ಅಷ್ಟು ಬೇಗ ಕಾಣುವುದಿಲ್ಲ. ಈಗಿನ ಆಟದಲ್ಲಿ ಎದುರಾಳಿಯ ಬಲಬದಿಯ ವಿಂಗರ್ (ಅಂಚಿನ ಗೆರೆಯ ಕಡೆಯಿಂದ ದಾಳಿ ಮಾಡುವ ಆಟಗಾರ) ಬಹುಮಟ್ಟಿಗೆ ಎಡಗಾಲಿನವನಾಗಿರುತ್ತಾನೆ ಮತ್ತು ಗೆರೆಯ ಕಡೆಯಿಂದ ಒಳಕ್ಕೆ ತಿರುಗಿ ಎಡಗಾಲಿನಿಂದ ಗುರಿಯತ್ತ ಹೊಡೆಯಲು ನೋಡುತ್ತಾನೆ. ಅವನು ಒಳಕ್ಕೆ ತಿರುಗುವುದು ನಿಮ್ಮ ಮಗನ ಬಲಗಾಲಿನ ಕಡೆಗೇ. ಅಂದರೆ ಅಪಾಯ ಬರುವ ದಿಕ್ಕಿನಲ್ಲೇ ಅವನ ಬಲವಾದ ಕಾಲು ಇರುತ್ತದೆ. ಚೆಂಡು ಕಸಿದುಕೊಂಡ ಮೇಲೂ ಮೈದಾನದ ಮಧ್ಯಭಾಗಕ್ಕೆ ಪಾಸ್ ಕೊಡಲು ಆ ಕಾಲೇ ಅನುಕೂಲ. ಕೋಚ್ ಈ ಲೆಕ್ಕದಿಂದಲೇ ಅವನನ್ನು ಅಲ್ಲಿಗೆ ಹಾಕಿರುವ ಸಾಧ್ಯತೆ ಇದೆ. ಫಾರ್ವರ್ಡ್ ಆಗಿ ನಾಲ್ಕು ವರ್ಷ ಆಡಿದವನಿಗೆ, ಫಾರ್ವರ್ಡ್ ಯಾವ ಕ್ಷಣದಲ್ಲಿ ತಲೆ ತಗ್ಗಿಸಿ ಚೆಂಡು ನೋಡುತ್ತಾನೆ, ಯಾವ ಭುಜ ಇಳಿಸಿ ಯಾವ ಕಡೆಗೆ ಹೊರಳುತ್ತಾನೆ ಎಂಬುದು ಒಳಗಿನಿಂದ ಗೊತ್ತಿರುತ್ತದೆ. ಇದು ಹೇಳಿಕೊಟ್ಟು ಬರುವಂಥದ್ದಲ್ಲ.

ಈ ಕೆಲಸವನ್ನು ಹತ್ತಿರದಿಂದ ತೋರಿಸುತ್ತೇನೆ. ನಮ್ಮ ಕೆಮ್ಮಣ್ಣಿನ ಮೈದಾನದಲ್ಲಿ ಹೊಸದಾಗಿ ಬ್ಯಾಕ್ ಆಡುವ ಹುಡುಗನನ್ನು ವಿಂಗರ್ ಎದುರು ನಿಲ್ಲಿಸಿದರೆ, ಅವನು ಎದೆ ಮುಂದೆ ಮಾಡಿ, ಎರಡೂ ಹಿಮ್ಮಡಿ ನೆಲಕ್ಕೂರಿ ನಿಲ್ಲುತ್ತಾನೆ ಮತ್ತು ಚೆಂಡು ಕಂಡ ಕೂಡಲೇ ಕಾಲು ಚಾಚುತ್ತಾನೆ. ವಿಂಗರ್ ಒಂದು ಸಲ ಮೈ ಆಡಿಸಿದರೆ ಸಾಕು, ಹುಡುಗ ಕೆಂಪು ಧೂಳಿನಲ್ಲಿ ಕುಳಿತಿರುತ್ತಾನೆ. ನಾನು ಮೊದಲ ತಿಂಗಳು ಚೆಂಡು ಕಸಿದುಕೊಳ್ಳಲು ಬಿಡುವುದೇ ಇಲ್ಲ. ಓರೆಯಾಗಿ ನಿಲ್ಲಬೇಕು, ಮಂಡಿ ಸ್ವಲ್ಪ ಬಾಗಿರಬೇಕು, ಭಾರ ಮುಂಗಾಲಿನ ಮೇಲಿರಬೇಕು, ವಿಂಗರ್‌ನಿಂದ ಒಂದೂವರೆ ತೋಳಿನ ಅಂತರ ಬಿಡಬೇಕು, ಅವನು ಎರಡು ಹೆಜ್ಜೆ ಬಂದರೆ ಎರಡು ಹೆಜ್ಜೆ ಹಿಂದೆ ಸರಿಯುತ್ತ ಅವನನ್ನು ಗೆರೆಯ ಕಡೆಗೆ ದೂಡಬೇಕು. ಹೀಗೆ ಐದು ಸೆಕೆಂಡ್ ತಡೆದರೆ ಜೊತೆಗಾರರು ಬಂದು ಸೇರುತ್ತಾರೆ. ಆ ಐದು ಸೆಕೆಂಡಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಡಿಫೆಂಡರ್ ವೃತ್ತಿಯ ಬಹುಪಾಲು ಅದೇ ಐದು ಸೆಕೆಂಡುಗಳಿಂದ ಆಗಿದೆ, ಇದನ್ನು ನಿಮ್ಮ ಮಗನಿಗೆ ಈಗಲೇ ಹೇಳಿಬಿಡುವುದು ಪ್ರಾಮಾಣಿಕತನ.

ಮಾಲ್ಡೀನಿ ಇದನ್ನು ಕಲಿತದ್ದು ಒಳ್ಳೆಯ ಶಾಲೆಯಲ್ಲಿ. 1987ರಲ್ಲಿ ಮಿಲಾನ್ ತಂಡಕ್ಕೆ ಕೋಚ್ ಆಗಿ ಬಂದ ಅರಿಗೊ ಸಾಕ್ಕಿ, ಪ್ರತಿಯೊಬ್ಬ ಡಿಫೆಂಡರ್ ಒಬ್ಬೊಬ್ಬ ಎದುರಾಳಿಯ ಬೆನ್ನು ಹತ್ತುವ ಹಳೆಯ ಇಟಾಲಿಯನ್ ಪದ್ಧತಿಯನ್ನು ಬಿಟ್ಟು, ನಾಲ್ವರೂ ಒಂದೇ ಸಾಲಿನಲ್ಲಿ ಒಟ್ಟಿಗೆ ಚಲಿಸುವ ಕ್ರಮವನ್ನು ರೂಢಿಸಿದರು. ಆಟಗಾರ ಯಾವ ಕ್ಷಣದಲ್ಲೂ ನಾಲ್ಕನ್ನು ಗಮನದಲ್ಲಿ ಇಟ್ಟುಕೊಂಡಿರಬೇಕು ಎಂಬುದು ಅವರ ಪಾಠ: ಚೆಂಡು, ಜಾಗ, ಎದುರಾಳಿ, ಜೊತೆಗಾರ. ಕೊನೆಯ ಡಿಫೆಂಡರ್‌ನಿಂದ ಮುಂದಿನ ಫಾರ್ವರ್ಡ್‌ವರೆಗಿನ ಅಂತರ ಸುಮಾರು 25 ಮೀಟರ್ ಮೀರಬಾರದು ಎನ್ನುತ್ತಿದ್ದರು. ತಮ್ಮ ಕ್ರಮದ ಮೇಲೆ ನಂಬಿಕೆ ಹುಟ್ಟಿಸಲು ಅವರು ಮಾಡಿಸಿದ ಒಂದು ಅಭ್ಯಾಸವನ್ನು ಅವರೇ ಹೇಳಿಕೊಂಡಿದ್ದಾರೆ. ಒಂದು ಕಡೆ ಗೋಲ್‌ಕೀಪರ್ ಮತ್ತು ತಸ್ಸೋತ್ತಿ, ಕೋಸ್ತಾಕುರ್ತಾ, ಬರೇಸಿ, ಮಾಲ್ಡೀನಿ ಎಂಬ ನಾಲ್ವರು. ಇನ್ನೊಂದು ಕಡೆ ಅದೇ ತಂಡದ ಗುಲ್ಲಿಟ್, ವಾನ್ ಬಾಸ್ಟನ್ ಅವರಂಥವರು ಸೇರಿದ ಹತ್ತು ಮಂದಿ. ಹದಿನೈದು ನಿಮಿಷದಲ್ಲಿ ಒಂದು ಗೋಲು ಹೊಡೆಯಿರಿ ಎಂದರೆ ಆ ಹತ್ತು ಮಂದಿಗೂ ಆಗುತ್ತಿರಲಿಲ್ಲವಂತೆ. ನಾಲ್ವರು ಸರಿಯಾದ ಜಾಗದಲ್ಲಿ ಒಟ್ಟಾಗಿ ನಿಂತರೆ ಪ್ರತಿಭೆಯ ದೊಡ್ಡ ಗುಂಪನ್ನೂ ತಡೆಯಬಹುದು ಎಂಬುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ನನಗೆ ಸಿಕ್ಕಿಲ್ಲ. ಸಾಕ್ಕಿಯ ನಂತರ ಫಾಬಿಯೊ ಕಪೆಲ್ಲೊ ಕೋಚ್ ಆಗಿದ್ದ 1993–94ರ ಲೀಗಿನಲ್ಲಿ ಮಿಲಾನ್ 34 ಪಂದ್ಯಗಳಲ್ಲಿ ಹೊಡೆದದ್ದು 36 ಗೋಲು ಮಾತ್ರ, ಬಿಟ್ಟುಕೊಟ್ಟದ್ದು 15. ಅಷ್ಟರಿಂದಲೇ ಚಾಂಪಿಯನ್ ಆಯಿತು.

ಈಗ ವೃತ್ತಿಯ ಉದ್ದದ ಪ್ರಶ್ನೆ. ಮಾಲ್ಡೀನಿ ಒಂದೇ ಕ್ಲಬ್ಬಿಗೆ 25 ಋತುಗಳಲ್ಲಿ 902 ಪಂದ್ಯ ಆಡಿದರು. ಅದರಲ್ಲಿ ಇಟಲಿಯ ಸೀರೀ ಎ ಲೀಗಿನ ಪಂದ್ಯಗಳು 647, ಅವುಗಳಲ್ಲಿ ಅವರು ಹೊಡೆದ ಗೋಲು 29. ಏಳು ಬಾರಿ ಲೀಗ್, ಐದು ಬಾರಿ ಯುರೋಪಿನ ಕಪ್ ಗೆದ್ದರು. ನಿವೃತ್ತರಾದಾಗ ಅವರಿಗೆ 41 ತುಂಬಲು ಒಂದು ತಿಂಗಳೂ ಇರಲಿಲ್ಲ. ಎಲ್ಲರೂ ಮಾಲ್ಡೀನಿ ಆಗುವುದಿಲ್ಲ, ಮೂವತ್ತೈದರ ಆಚೆ ಉನ್ನತ ಮಟ್ಟದಲ್ಲಿ ಆಡುವವರು ಯಾವ ಸ್ಥಾನದಲ್ಲೂ ವಿರಳ. ಆದರೂ ಗೋಲ್‌ಕೀಪರ್‌ನನ್ನು ಬಿಟ್ಟರೆ ವಯಸ್ಸನ್ನು ಹೆಚ್ಚು ತಾಳಿಕೊಳ್ಳುವುದು ಸೆಂಟರ್ ಬ್ಯಾಕ್ (ರಕ್ಷಣಾ ಸಾಲಿನ ಮಧ್ಯ) ಸ್ಥಾನ. ವಿಂಗರ್‌ಗೆ ಮೊದಲ ಹತ್ತು ಮೀಟರಿನ ವೇಗ ಹೋದರೆ ಅವನ ಕೆಲಸವೇ ಹೋಯಿತು. ಡಿಫೆಂಡರ್ ಆದರೋ ಎದುರಾಳಿಯ ಪಾಸ್ ಎಲ್ಲಿಗೆ ಬೀಳುತ್ತದೆ ಎಂದು ಮೊದಲೇ ಊಹಿಸಿ ಎರಡು ಹೆಜ್ಜೆ ಮುಂಚಿತವಾಗಿ ಹೊರಟರೆ ಕಳೆದುಕೊಂಡ ವೇಗವನ್ನು ತುಂಬಿಕೊಳ್ಳಬಹುದು, ಮತ್ತು ಆ ಊಹೆ ಪ್ರತಿ ವರ್ಷ ಚುರುಕಾಗುತ್ತಲೇ ಹೋಗುತ್ತದೆ.

ಇದಕ್ಕೆ ಒಂದು ಷರತ್ತು ಇದೆ: ಸ್ಥಾನ ಬದಲಿಸಲು ಆಟಗಾರ ಸಿದ್ಧನಿರಬೇಕು. 1994ರ ಮೇ 18ರಂದು ಅಥೆನ್ಸಿನಲ್ಲಿ ಬಾರ್ಸಿಲೋನಾ ವಿರುದ್ಧ ಚಾಂಪಿಯನ್ಸ್ ಲೀಗ್ (ಯುರೋಪಿಯನ್ ಕಪ್‌ನ ಹೊಸ ಹೆಸರು) ಫೈನಲ್ ನಡೆದಾಗ ಮಿಲಾನ್‌ನ ಮಧ್ಯದ ಇಬ್ಬರು ಡಿಫೆಂಡರ್‌ಗಳಾದ ಬರೇಸಿ ಮತ್ತು ಕೋಸ್ತಾಕುರ್ತಾ ಇಬ್ಬರೂ ನಿಷೇಧದಿಂದಾಗಿ ಹೊರಗಿದ್ದರು. ಎದುರಿಗೆ ಬಾರ್ಸಿಲೋನಾದ ಫಾರ್ವರ್ಡ್‌ಗಳಾದ ರೊಮಾರಿಯೊ, ಸ್ಟೊಯಿಚ್‌ಕೊವ್. ಕಪೆಲ್ಲೊ 25 ವರ್ಷದ ತಮ್ಮ ಲೆಫ್ಟ್ ಬ್ಯಾಕ್ ಮಾಲ್ಡೀನಿಯನ್ನು ಫಿಲಿಪ್ಪೊ ಗಲ್ಲಿ ಜೊತೆ ಮಧ್ಯಕ್ಕೆ ತಂದರು. ಮಿಲಾನ್ 4–0 ಅಂತರದಿಂದ ಗೆದ್ದಿತು. ಮುಂದೆ ವಯಸ್ಸಾದಂತೆ ಅವರು ಮಧ್ಯದಲ್ಲೇ ಹೆಚ್ಚು ಆಡಿದರೂ ತಂಡ ಕೇಳಿದ ಕಡೆ ಹೋದರು: ಇದೇ ಲೀಗಿನ 2003ರ ಫೈನಲ್‌ನಲ್ಲಿ ಮಧ್ಯದಲ್ಲಿ, 2005ರಲ್ಲಿ ಮತ್ತೆ ಎಡಕ್ಕೆ, 2007ರಲ್ಲಿ ಮತ್ತೆ ಮಧ್ಯಕ್ಕೆ. ಆ 2003ರ ಫೈನಲ್ ನಡೆದದ್ದು ಮ್ಯಾಂಚೆಸ್ಟರಿನಲ್ಲಿ. ಯುವೆಂಟಸ್ ತಂಡವನ್ನು ಪೆನಾಲ್ಟಿ ಶೂಟೌಟ್‌ನಲ್ಲಿ ಸೋಲಿಸಿ, ತಂದೆ ಇಂಗ್ಲೆಂಡಿನಲ್ಲಿ ಕಪ್ ಎತ್ತಿದ 40 ವರ್ಷಗಳ ಬಳಿಕ ಮಗ ಅದೇ ದೇಶದಲ್ಲಿ ನಾಯಕನಾಗಿ ಕಪ್ ಎತ್ತಿದರು. ಸ್ಥಾನ ಬದಲಾವಣೆ ಎಂದರೆ ಅವಮಾನ ಎಂದು ಅವರು 17ರಲ್ಲೋ 25ರಲ್ಲೋ ತಿಳಿದಿದ್ದರೆ ಇಷ್ಟು ದೂರ ಬರುತ್ತಿರಲಿಲ್ಲ ಎಂದು ನಾನು ಖಂಡಿತವಾಗಿ ನಂಬುತ್ತೇನೆ.

ಆಟದ ನಿಯಮಗಳೂ ಅವರ ಕಾಲದಲ್ಲಿ ಡಿಫೆಂಡರ್‌ಗಳಿಗೆ ಕಠಿಣವಾಗುತ್ತಲೇ ಹೋದವು. 1990ರಲ್ಲಿ, ಡಿಫೆಂಡರ್‌ಗೆ ಸರಿಸಮನಾಗಿ ನಿಂತ ಫಾರ್ವರ್ಡ್ ಆಫ್‌ಸೈಡ್ (ಡಿಫೆಂಡರ್‌ಗಳನ್ನು ಮೀರಿ ಮುಂದೆ ನಿಂತ ತಪ್ಪು) ಅಲ್ಲ ಎಂದಾಯಿತು. 1992ರಲ್ಲಿ, ಜೊತೆಗಾರ ಬೇಕೆಂದೇ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಿಂದ ಹಿಡಿಯುವಂತಿಲ್ಲ ಎಂದಾಯಿತು. ಅಲ್ಲಿಯವರೆಗೆ ಒತ್ತಡ ಬಂದಾಗಲೆಲ್ಲ ಚೆಂಡನ್ನು ಹಿಂದಕ್ಕೆ ತಳ್ಳಿ ಉಸಿರು ಬಿಡುತ್ತಿದ್ದವರು ಅಂದಿನಿಂದ ಚೆಂಡಿನೊಂದಿಗೆ ಆಡುವುದನ್ನು ಕಲಿಯಬೇಕಾಯಿತು. ಹಿಂದಿನಿಂದ ಅಪಾಯಕಾರಿಯಾಗಿ ಟ್ಯಾಕಲ್ ಮಾಡಿದರೆ ಕೆಂಪು ಕಾರ್ಡ್ ಎಂಬ ಬಿಗಿ 1998ರ ವಿಶ್ವಕಪ್ ಹೊತ್ತಿಗೆ ಬಂತು. ಮುಂಪಡೆಯಿಂದ ಬಂದ, ಚೆಂಡಿನ ಮೇಲೆ ಹಿಡಿತವಿರುವ ಹುಡುಗರನ್ನು ಕೋಚ್‌ಗಳು ಇಂದು ಹಿಂದಿನ ಸಾಲಿಗೆ ಹುಡುಕುವುದಕ್ಕೆ ಮೂಲ ಈ ಬದಲಾವಣೆಗಳಲ್ಲಿದೆ.

ಇಷ್ಟೆಲ್ಲ ಹೇಳಿ ಈ ವೃತ್ತಿಯ ನೋವನ್ನು ಮುಚ್ಚಿಟ್ಟರೆ ನಿಮಗೆ ಅನ್ಯಾಯ ಮಾಡಿದಂತೆ. ಫಾರ್ವರ್ಡ್ ಒಂಬತ್ತು ಅವಕಾಶ ಕಳೆದುಕೊಂಡು ಹತ್ತನೆಯದನ್ನು ಗೋಲಾಗಿಸಿದರೆ ಹೀರೊ. ಡಿಫೆಂಡರ್ ಎಂಬತ್ತೊಂಬತ್ತು ನಿಮಿಷ ಸರಿಯಾಗಿ ನಿಂತು ಒಮ್ಮೆ ತಪ್ಪಿದರೆ ಪತ್ರಿಕೆಯಲ್ಲಿ ಬರುವುದು ಆ ತಪ್ಪಿನ ಚಿತ್ರ. 2002ರ ಜೂನ್ 18ರಂದು ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ವಿಶ್ವಕಪ್ ಪಂದ್ಯ. ಇಟಲಿ 1–0 ಮುಂದಿತ್ತು, 88ನೆಯ ನಿಮಿಷದಲ್ಲಿ ಕೊರಿಯಾ ಸಮ ಮಾಡಿತು. 117ನೆಯ ನಿಮಿಷದಲ್ಲಿ ಎಡದಿಂದ ಒಂದು ಕ್ರಾಸ್ ಬಂತು. ನೆಗೆಯುವ ಹೊತ್ತಿಗೆ ಕೊರಿಯಾದ ಆನ್ ಜುಂಗ್ ಹ್ವಾನ್ ಮಾಲ್ಡೀನಿಗಿಂತ ಮೇಲಿದ್ದ, ಚೆಂಡು ಅವನ ಹಣೆಗೆ ತಗುಲಿ ಗೋಲಿನ ಮೂಲೆ ಸೇರಿತು. ಹೆಚ್ಚುವರಿ ಸಮಯದಲ್ಲಿ ಮೊದಲು ಗೋಲು ಹೊಡೆದವರೇ ಗೆದ್ದಂತೆ ಎಂಬ ಗೋಲ್ಡನ್ ಗೋಲ್ ನಿಯಮವಿದ್ದ ಕಾಲ, ಪಂದ್ಯ ಅಲ್ಲಿಗೇ ಮುಗಿಯಿತು. 126 ಅಂತರರಾಷ್ಟ್ರೀಯ ಪಂದ್ಯ, ನಾಲ್ಕು ವಿಶ್ವಕಪ್‌ಗಳಲ್ಲಿ 23 ಪಂದ್ಯ ಆಡಿದ ಮನುಷ್ಯ ಇಟಲಿಯ ಅಂಗಿ ತೊಟ್ಟು ಕೊನೆಯ ಬಾರಿ ಕಂಡದ್ದು ಹೀಗೆ. 1994ರ ವಿಶ್ವಕಪ್ ಫೈನಲ್ ಪೆನಾಲ್ಟಿಯಲ್ಲಿ, 2000ದ ಯುರೋ ಫೈನಲ್ ಗೋಲ್ಡನ್ ಗೋಲಿನಲ್ಲಿ ಕೈತಪ್ಪಿದ್ದವು. ಇಟಲಿ 2006ರಲ್ಲಿ ವಿಶ್ವಕಪ್ ಗೆದ್ದಾಗ ಅವರು ತಂಡ ಬಿಟ್ಟು ನಾಲ್ಕು ವರ್ಷವಾಗಿತ್ತು.

2005ರ ಇಸ್ತಾಂಬುಲ್ ಫೈನಲ್ ಇನ್ನೂ ಕಠಿಣ. ಲಿವರ್‌ಪೂಲ್ ವಿರುದ್ಧ ಮೊದಲ ನಿಮಿಷದಲ್ಲೇ ಜೊತೆಗಾರ ಪಿರ್ಲೊ ಕೊಟ್ಟ ಫ್ರೀ ಕಿಕ್ ಅನ್ನು ಬಲಗಾಲಿನಿಂದ ಗೋಲಾಗಿಸಿದವರು ಇದೇ ಡಿಫೆಂಡರ್. ವಿರಾಮಕ್ಕೆ ಮಿಲಾನ್ 3–0. ಆಮೇಲೆ 54ನೆಯ ನಿಮಿಷದಿಂದ 60ನೆಯ ನಿಮಿಷದೊಳಗೆ ಮೂರು ಗೋಲು ಬಿಟ್ಟುಕೊಟ್ಟು, ಶೂಟೌಟ್‌ನಲ್ಲಿ ಸೋತರು. ಎರಡು ವರ್ಷದ ನಂತರ ಅಥೆನ್ಸಿನಲ್ಲಿ ಅದೇ ಲಿವರ್‌ಪೂಲ್ ತಂಡವನ್ನು 2–1ರಿಂದ ಸೋಲಿಸಿದಾಗ ಅವರಿಗೆ 38. ನಡುವಿನ ಆ ಎರಡು ವರ್ಷ ಅವರು ಹೇಗೆ ನಿದ್ದೆ ಮಾಡಿದರೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ನಿಮ್ಮ ಮಗನಿಗೆ ಈ ಗುಣ ಇದೆಯೇ ಎಂಬುದನ್ನು ಗಮನಿಸಿ. ತನ್ನ ತಪ್ಪಿನಿಂದ ಗೋಲಾದ ಮೇಲೆ ಮರುದಿನ ಅವನು ಅದರ ಬಗ್ಗೆ ಮಾತನಾಡಬಲ್ಲನೇ? ಕಾಲು, ಎತ್ತರ, ವೇಗ ಎಲ್ಲಕ್ಕಿಂತ ಮೊದಲು ನಾನು ನೋಡುವುದು ಇದನ್ನೇ.

ಎತ್ತರದ ಚಿಂತೆಯನ್ನು ಬಿಡಿ. ಲೆಫ್ಟ್ ಬ್ಯಾಕ್‌ಗೆ ಅದು ಅಷ್ಟಾಗಿ ಬೇಡ. ಮಧ್ಯದಲ್ಲಿ ಆಡಿ 2006ರಲ್ಲಿ ಇಟಲಿಗೆ ನಾಯಕನಾಗಿ ವಿಶ್ವಕಪ್ ಗೆದ್ದುಕೊಟ್ಟ ಫಾಬಿಯೊ ಕನ್ನವಾರೊ ಅವರ ಎತ್ತರವೇ 1.76 ಮೀಟರ್. ಅವರಿಗೆ ಅದೇ ವರ್ಷ, ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ ಪ್ರಶಸ್ತಿಯೂ ಬಂತು. ಆ ಪ್ರಶಸ್ತಿ ಡಿಫೆಂಡರ್‌ಗಳಿಗೆ ದೊರೆತದ್ದು ತೀರ ಅಪರೂಪ: ಬೆಕನ್‌ಬಾವರ್‌ಗೆ ಎರಡು ಸಲ, ಸಾಮರ್‌ಗೆ ಒಮ್ಮೆ, ಕನ್ನವಾರೊಗೆ ಒಮ್ಮೆ. ಮಾಲ್ಡೀನಿ 1994 ಮತ್ತು 2003ರಲ್ಲಿ ಮೂರನೆಯ ಸ್ಥಾನಕ್ಕೆ ನಿಂತರು. ಹಣದ ಮಾತೂ ಹೀಗೆಯೇ. ಗೋಲು ಹೊಡೆಯುವವರಿಗೆ ಬೆಲೆ ಹೆಚ್ಚು. ಆದರೂ 2018ರ ಜನವರಿಯಲ್ಲಿ ಲಿವರ್‌ಪೂಲ್ ಕ್ಲಬ್ ವರ್ಜಿಲ್ ವಾನ್ ಡೈಕ್ ಎಂಬ ಸೆಂಟರ್ ಬ್ಯಾಕ್‌ಗಾಗಿ 7.5 ಕೋಟಿ ಪೌಂಡ್ ತೆತ್ತಿತು, ಮರುವರ್ಷವೇ ಯುರೋಪಿನ ಚಾಂಪಿಯನ್ ಆಯಿತು.

ನಮ್ಮ ದೇಶದ ಸ್ಥಿತಿ ಬೇರೆ, ಅದನ್ನು ಇಟಲಿಯ ಕನ್ನಡಿಯಲ್ಲಿ ನೋಡಬಾರದು. ಚಂಡೀಗಢದ ಸಂದೇಶ್ ಝಿಂಗನ್ ಅವರ ವೃತ್ತಿ ನಿಮಗೆ ಹೆಚ್ಚು ಉಪಯುಕ್ತ. 2014ರಲ್ಲಿ ಕೇರಳ ಬ್ಲಾಸ್ಟರ್ಸ್ ಮೂಲಕ ಬೆಳಕಿಗೆ ಬಂದ ಈ ಸೆಂಟರ್ ಬ್ಯಾಕ್ 2019ರ ಅಕ್ಟೋಬರ್‌ನಲ್ಲಿ ಮಂಡಿಯ ಲಿಗಮೆಂಟ್ ಹರಿದುಕೊಂಡು ಇಡೀ ಋತುವನ್ನು ಕಳೆದುಕೊಂಡರು. ಚೇತರಿಸಿಕೊಂಡು 2021ರಲ್ಲಿ ಕ್ರೊಯೇಷಿಯಾದ ಕ್ಲಬ್ ಸೇರಿದರೂ ಅಲ್ಲಿ ಗಾಯದಿಂದಾಗಿ ಆಡಲಾಗದೆ ಮರಳಿದರು. 2022ರಲ್ಲಿ ಬೆಂಗಳೂರು ಎಫ್‌ಸಿ ಸೇರಿ ಅದೇ ವರ್ಷ ಡ್ಯುರಾಂಡ್ ಕಪ್ ಗೆದ್ದ ತಂಡದಲ್ಲಿದ್ದರು. ಮಂಡಿ ಒಂದು ಸಲ ಕೈಕೊಟ್ಟರೆ ಒಂದು ವರ್ಷ ಹೋಯಿತೆಂದೇ ಲೆಕ್ಕ, ಆ ವರ್ಷದ ಒಪ್ಪಂದ, ಸಂಬಳ, ತಂಡದಲ್ಲಿನ ಜಾಗ ಯಾವುದಕ್ಕೂ ಖಾತರಿಯಿಲ್ಲ. ಆದ್ದರಿಂದ ಶಾಲೆ, ಕಾಲೇಜು ನಿಲ್ಲಿಸುವ ಮಾತನ್ನು ಯಾರೇ ಆಡಿದರೂ ಒಪ್ಪಬೇಡಿ. ತೊಡೆ ಮತ್ತು ಸೊಂಟದ ಬಲ ಹೆಚ್ಚಿಸುವ ವ್ಯಾಯಾಮವನ್ನು ವಾರಕ್ಕೆ ಎರಡು ದಿನವಾದರೂ ತಪ್ಪದೆ ಮಾಡಿಸಿ. ಇನ್ನು, ಹಿಂದೆ ನಿಂತವನಿಗೆ ಗೋಲಿನ ಭಾಗ್ಯವಿಲ್ಲ ಎಂದು ನಿಮ್ಮ ಮಗ ಹೇಳಿದರೆ 2019ರ ಮಾರ್ಚ್ 17ನ್ನು ನೆನಪಿಸಿ. ಮುಂಬೈನಲ್ಲಿ ಗೋವಾ ವಿರುದ್ಧದ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್‌ನ ಹೆಚ್ಚುವರಿ ಸಮಯ ಮುಗಿಯುತ್ತಾ ಬಂದಿದ್ದಾಗ ಕಾರ್ನರ್ ಕಿಕ್‌ಗೆ ತಲೆಕೊಟ್ಟು ಬೆಂಗಳೂರಿಗೆ ಮೊದಲ ಐಎಸ್‌ಎಲ್ ಪ್ರಶಸ್ತಿ ತಂದವರು ರಾಹುಲ್ ಭೆಕೆ, ಡಿಫೆಂಡರ್.

ಕೋಚ್ ಬಳಿ ಮಾತನಾಡಲೇಬೇಕು, ಆದರೆ ಕೇಳಬೇಕಾದ್ದು ಬೇರೆ. ಈ ಸ್ಥಾನಕ್ಕೆ ಯಾಕೆ ತಂದಿರಿ ಎಂದು ಮಗನ ಎದುರಿನಲ್ಲೇ ಕೇಳಿ, ಉತ್ತರ ಅವನ ಕಿವಿಗೇ ಬೀಳಲಿ. ಎಡಗಾಲನ್ನು ಪಳಗಿಸಲು ಪ್ರತ್ಯೇಕ ಅಭ್ಯಾಸ ಕೊಡುತ್ತೀರಾ ಎಂದು ಕೇಳಿ. ಋತುವಿನ ಕೊನೆಗೆ ಯಾವುದನ್ನು ನೋಡಿ ಅವನು ಬೆಳೆದಿದ್ದಾನೆ ಎಂದು ತೀರ್ಮಾನಿಸುತ್ತೀರಿ ಎಂದೂ ಕೇಳಿ. ಮೂರಕ್ಕೂ ಸರಿಯಾದ ಉತ್ತರ ಬಾರದಿದ್ದರೆ, ತಂಡದಲ್ಲಿ ಖಾಲಿ ಬಿದ್ದ ಜಾಗ ತುಂಬಲು ಅವನನ್ನು ಅಲ್ಲಿ ನಿಲ್ಲಿಸಿದ್ದಾರೆ ಎಂದು ತಿಳಿಯಬಹುದು, ಆಗ ಬೇರೆ ಅಕಾಡೆಮಿಯನ್ನು ನೋಡುವುದರಲ್ಲಿ ತಪ್ಪಿಲ್ಲ.

ಅಷ್ಟರೊಳಗೆ ಒಂದು ಕೆಲಸ ಮಾಡಿ. ಕಂಠೀರವ ಕ್ರೀಡಾಂಗಣದಲ್ಲಿ ಪಂದ್ಯವಿದ್ದಾಗ ಮಗನನ್ನು ಕರೆದುಕೊಂಡು ಹೋಗಿ, ಹತ್ತು ನಿಮಿಷ ಚೆಂಡನ್ನು ನೋಡದೆ ಲೆಫ್ಟ್ ಬ್ಯಾಕ್ ಒಬ್ಬನನ್ನೇ ನೋಡಲು ಹೇಳಿ. ಚೆಂಡು ಆಚೆ ಬದಿಯಲ್ಲಿದ್ದಾಗ ಅವನು ಎಷ್ಟು ಸಲ ಹೆಗಲ ಮೇಲಿಂದ ತಿರುಗಿ ತನ್ನ ಹಿಂದೆ ಯಾರಿದ್ದಾರೆ ಎಂದು ನೋಡುತ್ತಾನೆ ಎಂಬುದನ್ನು ಮಗ ಎಣಿಸಲಿ. ಮುಂದಿನ ವಾರ ಮಗನ ಪಂದ್ಯದ ಹತ್ತು ನಿಮಿಷವನ್ನು ನೀವು ಫೋನಿನಲ್ಲಿ ಚಿತ್ರೀಕರಿಸಿ, ಅವನೇ ತನ್ನ ಲೆಕ್ಕವನ್ನು ಎಣಿಸಿಕೊಳ್ಳಲಿ. ಎರಡೂ ಸಂಖ್ಯೆಗಳನ್ನು ನನಗೆ ಬರೆದು ಕಳುಹಿಸಿದರೆ, ಅಲ್ಲಿಂದ ಮುಂದೆ ಯಾವ ಅಭ್ಯಾಸ ಬೇಕು ಎಂದು ಹೇಳುತ್ತೇನೆ.